ಗಾಳಿ ಬರಲ್ಲ, ಅಲೆ ಮಾತ್ರ ಬರುತ್ತೆ

ಕಗ್ಗದಾಸಪುರದ ನಮ್ಮ ಮನೆಯಲ್ಲಿ ಆ ಕಾಲಕ್ಕೆ ಎರಡು ಪಂಚಾಂಗಗಳಿದ್ದವು. ಒಂದು ನಮ್ಮ ಅತ್ತೆಯದು. ಅಡುಗೆಮನೆ ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದ್ದು, ಅರಿಶಿನದ ಬೆರಳು ತಾಗಿ ತಾಗಿ ಮೂಲೆಯೆಲ್ಲ ಹಳದಿಯಾಗಿತ್ತು. ಇನ್ನೊಂದು ನನ್ನ ಮೈದುನನ ಕಂಪ್ಯೂಟರಿನಲ್ಲಿತ್ತು. ಅದನ್ನು ಅವನು ಪಂಚಾಂಗ ಅನ್ನುತ್ತಿರಲಿಲ್ಲ, ಹಾಗೆ ಕರೆದವಳು ನಾನು. ಮುಂದಿನ ನಾಲ್ಕೈದು ದಿನ ಸಮುದ್ರದಲ್ಲಿ ಅಲೆ ಹೇಗಿರುತ್ತೆ, ಗಾಳಿ ಯಾವ ಕಡೆಯಿಂದ ಬೀಸುತ್ತೆ, ನೀರು ಯಾವಾಗ ಏರುತ್ತೆ, ಯಾವಾಗ ಇಳಿಯುತ್ತೆ ಅಂತ ಹೇಳುವ ಒಂದು ಪುಟ ಅದು. ಗುರುವಾರ ಸಂಜೆ ನಾನು ದೇವರಿಗೆ ದೀಪ ಹಚ್ಚಿ ನಡುಮನೆಗೆ ಬರುವ ಹೊತ್ತಿಗೆ ಅವನು ಅದರ ಮುಂದೆ ಕೂತಿರುತ್ತಿದ್ದ.

ಒಂದು ಪಂಚಾಂಗ ಹೋಗು ಅಂದ ದಿನವನ್ನೇ ಇನ್ನೊಂದು ಬೇಡ ಅಂದಿದ್ದು ಒಂದೇ ಸಲ. ಆ ದಿನದ ಮಾತು ಇದು.

ಮೈದುನನಿಗೆ ಇಂದಿರಾನಗರದ ಒಂದು ಆಫೀಸಿನಲ್ಲಿ ಜಾಹೀರಾತಿನ ಚಿತ್ರ ಬರೆಯುವ ಕೆಲಸ. ಆಫೀಸಿನವರ ಜೊತೆ ಒಮ್ಮೆ ಕರಾವಳಿಗೆ ಹೋದವನು ಅಲೆಯ ಮೇಲೆ ಹಲಗೆ ಹಾಕಿಕೊಂಡು ನಿಲ್ಲುವ ಆಟ ಕಲಿತು ಬಂದ. ಆಮೇಲೆ ಬಿಡುವು ಸಿಕ್ಕಾಗಲೆಲ್ಲ ಶುಕ್ರವಾರದ ಬಸ್ಸು. ಸೋಮವಾರ ಬೆಳಗ್ಗೆ ಮೂಗಿನ ಸಿಪ್ಪೆ ಸುಲಿದುಕೊಂಡು, ಕಿವಿಯಲ್ಲಿ ಮರಳು ತುಂಬಿಕೊಂಡು ಬಂದು ನೇರ ಬಚ್ಚಲಮನೆಗೆ ಹೋಗುತ್ತಿದ್ದ. ಆ ಉದ್ದದ ಹಲಗೆಯನ್ನು ಮಹಡಿ ಮೇಲೆ ನೀರಿನ ಟ್ಯಾಂಕಿನ ನೆರಳಲ್ಲಿ ಇಡುತ್ತಿದ್ದ. ಒಂದು ಬೇಸಿಗೆಯಲ್ಲಿ ನಾನು ಅದನ್ನು ಬಿಸಿಲಿಗೆ ಎಳೆದು ಅದರ ಮೇಲೆ ಸಂಡಿಗೆ ಇಟ್ಟೆ. ತಿನ್ನುವಾಗ ಅವನು, ಈ ಸಲ ಉಪ್ಪು ಸರಿಯಾಗಿದೆ ಅತ್ತಿಗೆ ಅಂದ.

ನಾವು ಕೆರೆಯ ಜನ. ನಮ್ಮ ಮಾವನವರ ಕಾಲದಲ್ಲಿ ಕೆರೆಯ ಕೆಳಗೆ ರಾಗಿ ಬೆಳೆಯುತ್ತಿದ್ದರಂತೆ. ನಾನು ಬರುವ ಹೊತ್ತಿಗೆ ಆ ಜಾಗದಲ್ಲಿ ಬಾಡಿಗೆ ಮನೆಗಳು ಎದ್ದಿದ್ದವು. ನಮ್ಮನೆಯವರು ಹುಡುಗರಾಗಿದ್ದಾಗ ಎಮ್ಮೆಯ ಬಾಲ ಹಿಡಿದು ಆ ಕೆರೆಯಲ್ಲೇ ಈಜು ಕಲಿತವರು. ಆ ಈಜಿನ ಮೇಲೆ ಅವರಿಗೆ ಬಹಳ ನಂಬಿಕೆ. ಅತ್ತೆಗೆ ಗೊತ್ತಿದ್ದ ನೀರು ಅಂದರೆ ಕೆರೆ, ಬಿಟ್ಟರೆ ಹಲಸೂರಿನ ದೇವಸ್ಥಾನದ ಕಲ್ಯಾಣಿ. ಮೆಟ್ಟಿಲಿರುವ ನೀರು, ಒಂದೇ ಕಡೆ ನಿಂತಿರುವ ನೀರು. ನಿಂತ ನೀರು ಒಳ್ಳೆಯದು, ಅಲ್ಲಾಡುವ ನೀರಿಗೆ ಹುಷಾರಾಗಿರಬೇಕು. ಮಕ್ಕಳಿಗೆ ಅವರು ಹೇಳಿಕೊಟ್ಟಿದ್ದು ಅಷ್ಟೇ.

ಮಾವನವರು ತೀರಿಕೊಂಡು ವರ್ಷದ ಕಾರ್ಯ ಮುಗಿದ ಮೇಲೆ ಅತ್ತೆ ಸ್ವಲ್ಪ ಬೇರೆಯಾದರು. ಅಳುತ್ತಿರಲಿಲ್ಲ. ಊಟ ಸರಿಯಾಗಿ ಮಾಡುತ್ತಿದ್ದರು, ಭಜನೆಗೆ ಹೋಗಿ ಬರುತ್ತಿದ್ದರು. ಆದರೆ ಏನು ಕೇಳಿದರೂ ನೀವೇ ನೋಡ್ಕೊಳ್ಳಿ ಅನ್ನುತ್ತಿದ್ದರು. ಯಾವ ಸೀರೆ ಬೇಕು ಅಂದರೂ, ಯಾವ ಬಾಡಿಗೆಯವರಿಗೆ ಮನೆ ಕೊಡೋಣ ಅಂದರೂ ಅದೇ ಮಾತು. ಬೀರುವಿನ ಬೀಗದ ಕೈಗೊಂಚಲು ಒಂದು ದಿನ ತಾವಾಗೇ ನನ್ನ ಸೊಂಟಕ್ಕೆ ಸಿಕ್ಕಿಸಿದರು. ನೆಂಟರ ಹೆಂಗಸರೆಲ್ಲ ನಿನ್ನ ಅದೃಷ್ಟ ಅಂದರು. ನನಗೆ ಮಾತ್ರ ಆ ಗೊಂಚಲು ಭಾರವಾಗಿತ್ತು.

ಅಂಥವರು ತಾವಾಗಿ ಬಾಯಿಬಿಟ್ಟು ಕೇಳಿದ್ದು ಒಂದೇ. ಆ ವರ್ಷ ಕಾರ್ತಿಕದ ಅಮಾವಾಸ್ಯೆ ಸೋಮವಾರ ಬಿದ್ದಿತ್ತು. ಬೇರೆ ದಿನಗಳಲ್ಲಿ ಸಮುದ್ರವನ್ನು ಮುಟ್ಟಬಾರದು, ಹುಣ್ಣಿಮೆ ಅಮಾವಾಸ್ಯೆಯಂಥ ಪರ್ವದ ದಿನವೇ ಅದರಲ್ಲಿ ಮುಳುಗಬೇಕು ಅಂತ ನಮ್ಮಲ್ಲಿ ಒಂದು ಮಾತಿದೆ. ಕಾರ್ತಿಕ, ಸೋಮವಾರ, ಅಮಾವಾಸ್ಯೆ ಮೂರೂ ಕೂಡಿದರೆ ಕೇಳಬೇಕೇ. ಅದೂ ನದಿ ಸಮುದ್ರ ಸೇರುವ ಸಂಗಮದಲ್ಲಿ ಮಾಡಿದರೆ ಹೋದವರಿಗೂ ಪುಣ್ಯ, ಇದ್ದವರಿಗೂ ಪುಣ್ಯ ಅಂತ ಹಲಸೂರಿನ ಭಜನೆ ಮಂಡಳಿಯಲ್ಲಿ ಮಾತಾಗಿ, ಮಾವನವರ ಹೆಸರಿನಲ್ಲಿ ಸ್ನಾನ ಮಾಡಿ ಬರುತ್ತೇನೆ ಅಂತ ಅತ್ತೆ ಹರಕೆ ಹೊತ್ತರು. ಮಂಡಳಿಯ ಹೆಂಗಸರು ಸೇರಿ ಒಂದು ಟೆಂಪೋ ಮಾಡಿದರು. ಆ ಜಾಗ ಯಾವುದು ಅಂತ ಕೇಳಿದರೆ, ನನ್ನ ಮೈದುನ ಹಲಗೆ ಹಿಡಿದು ಹೋಗುತ್ತಿದ್ದ ಊರೇ. ದಾರಿ ಗೊತ್ತಿರುವ ಮಗ ಮನೆಯಲ್ಲೇ ಇದ್ದಾನಲ್ಲ ಅಂತ ಎಲ್ಲರಿಗೂ ಸಂತೋಷ.

ಹೊರಡುವ ಮುಂಚಿನ ಗುರುವಾರ ನಾನು ನೆಲದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಮೈದುನ ಆ ಪುಟ ತೆಗೆದ. ಮುಚ್ಚಿ ಇನ್ನೊಮ್ಮೆ ತೆಗೆದ.

"ಅತ್ತಿಗೆ, ಸೋಮವಾರ ಸರಿ ಇಲ್ಲ."

ಅಲೆ ಎಷ್ಟೆತ್ತರ ಅಂತ ಕೇಳಿದೆ. ಸೊಂಟದ ಮಟ್ಟ, ಹೆಚ್ಚೆಂದರೆ ಎದೆಮಟ್ಟ ಅಂದ. ಅಷ್ಟೇನಾ ಅಂದೆ, ಮಳೆಗಾಲದಲ್ಲಿ ಅವನು ಎರಡಾಳು ಎತ್ತರದ ಕಥೆ ಹೇಳುತ್ತಿದ್ದನಲ್ಲ. ಅವನು ಪರದೆಯ ಮೇಲೆ ಬೆರಳಿಟ್ಟು, ಎತ್ತರ ನೋಡಬೇಡಿ, ಇದನ್ನು ನೋಡಿ ಅಂದ. ಒಂದು ಅಲೆ ಬಂದು ಇನ್ನೊಂದು ಬರುವುದಕ್ಕೆ ಎಷ್ಟು ಸೆಕೆಂಡು ಅನ್ನುವ ಲೆಕ್ಕ ಅದು. ದಿನಾ ಏಳೋ ಎಂಟೋ ಇರುತ್ತಿದ್ದ ಜಾಗದಲ್ಲಿ ಹದಿನೇಳು ಇತ್ತು. ಒಳ್ಳೆಯದೇ ಆಯ್ತಲ್ಲ, ನಡುವೆ ಅಷ್ಟು ಹೊತ್ತು ಸಿಕ್ಕರೆ ಆರಾಮಾಗಿ ಮುಳುಗಿ ಎದ್ದು ಬರಬಹುದು ಅಂದೆ ನಾನು. ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದ. ಅವತ್ತು ನಗಲಿಲ್ಲ.

ಹತ್ತಿರದ ಗಾಳಿಗೆ ಎದ್ದ ಅಲೆ ಬೇಗ ಬೇಗ ಬರುತ್ತೆ, ಅದರದು ಮೇಲುಮೇಲಿನ ಗದ್ದಲ ಅಂದ. ದೂರದಿಂದ ಬಂದಿದ್ದು ನಿಧಾನ. ಅದರ ಬೇರು ನೀರಿನ ಆಳದಲ್ಲಿರುತ್ತೆ. ನಡುಗಡಲಲ್ಲಿ ಕಣ್ಣಿಗೂ ಕಾಣಲ್ಲ. ನದಿ ತಂದು ಹಾಕಿದ ಮರಳಿನ ದಿಬ್ಬ ನೀರಿನ ಕೆಳಗೆ ಇರುತ್ತಲ್ಲ, ಅದಕ್ಕೆ ಕಾಲು ತಾಗಿದ ಕೂಡಲೇ ಎದ್ದು ನಿಲ್ಲುತ್ತೆ. ಆ ತೀರಕ್ಕೆ ಬಂಡೆಯ ಮರೆ ಇಲ್ಲ, ಕೊಲ್ಲಿಯ ಮರೆ ಇಲ್ಲ, ಬಂದಿದ್ದೆಲ್ಲ ನೇರ ಬಂದು ಹೊಡೆಯುತ್ತೆ. ಅದೂ ಗುಂಪಾಗಿ ಬರುತ್ತೆ. ನಾಲ್ಕೈದು ಅಲೆ ಬಂದರೆ ಆಮೇಲೆ ಬಹಳ ಹೊತ್ತು ಏನೂ ಇರಲ್ಲ. ಆ ನಡುವೆ ಬಂದು ನಿಂತವರಿಗೆ ಸಮುದ್ರ ಮಲಗಿರುವ ಹಾಗೆ ಕಾಣುತ್ತೆ.

ಟಿವಿಯಲ್ಲಿ ಒಣಹವೆ ಅಂದ್ರಲ್ಲಪ್ಪ, ಗಾಳಿ ಎಲ್ಲಿದೆ ಅಂದೆ.

"ದಕ್ಷಿಣಕ್ಕೆ, ಬಹಳ ದೂರ. ಅಲ್ಲಿ ಊರೂ ಇಲ್ಲ, ಜನವೂ ಇಲ್ಲ. ಅಲ್ಲೆದ್ದ ಗಾಳಿ ಇಲ್ಲಿಗೆ ಬರಲ್ಲ ಅತ್ತಿಗೆ. ಅಲೆ ಮಾತ್ರ ಬರುತ್ತೆ. ಆಗಲೇ ಹೊರಟಿದೆ."

ಕೈಯಲ್ಲಿದ್ದ ಅವರೆಕಾಯಿ ಹಾಗೇ ಉಳಿಯಿತು. ಯಾರೋ ದೂರದ ಊರಿನಿಂದ ನಮ್ಮ ಮನೆ ವಿಳಾಸ ಹಿಡಿದು ಹೊರಟಿದ್ದಾರೆ ಅನ್ನುವ ಥರ ಅನ್ನಿಸಿತು. ಜೊತೆಗೆ ಅವನು ಇನ್ನೊಂದು ಮಾತು ಹೇಳಿದ. ಅಮಾವಾಸ್ಯೆ ಹುಣ್ಣಿಮೆಗಳಲ್ಲೇ ನೀರು ಎಲ್ಲಕ್ಕಿಂತ ಹೆಚ್ಚು ಏರುವುದು, ಎಲ್ಲಕ್ಕಿಂತ ಹೆಚ್ಚು ಇಳಿಯುವುದು. ಇಳಿಯುವಾಗ ನದಿಯ ನೀರೂ ಸೇರಿಕೊಂಡು ಸಂಗಮದಲ್ಲಿ ಎಳೆತ ಜೋರು. ಅಮ್ಮನ ಪಂಚಾಂಗ ಯಾವ ದಿನ ಯಾವ ಜಾಗ ಅನ್ನುತ್ತೋ, ಅದೇ ದಿನ ಅದೇ ಜಾಗ ಕೆಟ್ಟದ್ದು ಅಂದ.

ಅದನ್ನು ಅತ್ತೆಯ ಮುಂದೆ ಹೇಳಬೇಕಲ್ಲ. ಊಟಕ್ಕೆ ಕೂತಾಗ ಹೇಳಿದ. ಅತ್ತೆ ಮುದ್ದೆ ಮುರಿಯುತ್ತಾ ಪೂರ್ತಿ ಕೇಳಿಸಿಕೊಂಡರು. ಕಾರ್ತಿಕದಲ್ಲಿ ಸಮುದ್ರ ತಣ್ಣಗಿರುತ್ತೆ, ಅದು ಸಣ್ಣ ಮಕ್ಕಳಿಗೂ ಗೊತ್ತು ಅಂದರು. ವಾರ ವಾರ ಅದೇ ನೀರಿಗೆ ಹೋಗಿ ಬೀಳುವವನು ತಾಯಿಗೆ ಬುದ್ಧಿ ಹೇಳ್ತಾನೆ ಅಂದರು. ನಮ್ಮನೆಯವರು ತಮ್ಮನಿಗೆ, ಮೊಣಕಾಲುದ್ದ ನೀರಲ್ಲಿ ಯಾರೋ ಮುಳುಗ್ತಾರೆ, ನಾನೂ ಇರ್ತೀನಿ ಬಿಡು ಅಂದರು. ಅವನು ಬಿಡಲಿಲ್ಲ. ಬರೀ ಒಂದು ತಿಂಗಳು ತಡಿ, ಮುಂದಿನ ಅಮಾವಾಸ್ಯೆಗೆ ನಾನೇ ಹೊತ್ಕೊಂಡು ಹೋಗ್ತೀನಿ ಅಂದ. ಅತ್ತೆ ನಕ್ಕರು. ಮಾವನವರು ಹೋದ ಮೇಲೆ ಅವರು ಹಾಗೆ ನಕ್ಕಿದ್ದು ಅದೇ ಮೊದಲು.

"ಸಮುದ್ರ ನನ್ನನ್ನ ಇಟ್ಕೊಂಡ್ರೆ ಇಟ್ಕೊಳ್ಳಲಿ ಬಿಡೋ. ಸೋಮವಾರದ ಅಮಾವಾಸ್ಯೆ, ಸಂಗಮ, ನಿಮ್ಮಪ್ಪನ ಹೆಸರು. ದುಡ್ಡು ಕೊಟ್ರೂ ಸಿಗಲ್ಲ."

ಅಸ್ತು ದೇವತೆಗಳು ಓಡಾಡೋ ಹೊತ್ತು, ಹಾಗೆಲ್ಲ ಅನ್ನಬೇಡಿ ಅತ್ತೆ ಅಂತ ನಾನು ಹೇಳಿದೆ. ಅವರು ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದರು.

ಕೊನೆಗೆ ಒಂದು ಒಪ್ಪಂದವಾಯಿತು. ಮೈದುನ ಜೊತೆಗೆ ಬರುತ್ತಾನೆ, ತನ್ನ ಹಲಗೆಯನ್ನೂ ತರುತ್ತಾನೆ. ಅವನು ತೋರಿಸಿದ ಕಡೆಯೇ ಇಳಿಯಬೇಕು, ಮೊಣಕಾಲು ದಾಟಬಾರದು. ಅಮಾವಾಸ್ಯೆಯ ಬೆಳಗ್ಗೆ ಸೂರ್ಯ ಹುಟ್ಟುವ ಹೊತ್ತಿಗೆ ನೀರು ಏರುತ್ತಿರುತ್ತೆ, ಏರುವ ನೀರು ಮನುಷ್ಯನನ್ನು ದಡಕ್ಕೆ ತಳ್ಳುತ್ತೆ, ಆಗ ಮುಗಿಸಿಬಿಡಬೇಕು. ಹೊತ್ತು ಏರಿದ ಮೇಲೆ ಬೇಡವೇ ಬೇಡ. ಅತ್ತೆ ಆಗಲಿ ಅಂದರು. ನನ್ನನ್ನು ಒಬ್ಬಳನ್ನೇ ಮಹಡಿಗೆ ಕರೆದು ಅವನು ಇನ್ನೂ ಎರಡು ಮಾತು ಹೇಳಿಕೊಟ್ಟ. ನೊರೆಯ ಅಲೆಗಳ ನಡುವೆ ಎಲ್ಲಾದರೂ ಕಪ್ಪಗೆ, ನಯವಾಗಿ, ಅಲೆಯೇ ಒಡೆಯದ ಜಾಗ ಕಂಡರೆ ಅಲ್ಲಿ ಯಾರನ್ನೂ ಬಿಡಬೇಡಿ. ನೀರು ವಾಪಸು ಹೋಗುವ ದಾರಿ ಅದು. ಅಕಸ್ಮಾತ್ ಯಾರಾದರೂ ಹೋದರೆ ನಾನು ಅದೇ ದಾರಿಯಲ್ಲಿ ಅವರ ಹಿಂದೆ ಹೋಗ್ತೀನಿ ಅಂದ. ಬೇರೆ ಯಾರೂ ಇಳೀಬಾರದು. ಮುಖ್ಯವಾಗಿ ಅಣ್ಣ.

ಭಾನುವಾರ ಸಂಜೆ ಟೆಂಪೋದ ಮೇಲೆ ಹಲಗೆಯನ್ನು ಕಟ್ಟುವಾಗ ಮಂಡಳಿಯ ಒಬ್ಬರು ತಮಿಳು ಅಕ್ಕ, ಹಲಸೂರಿನವರು, ದಪ್ಪ ಆಳು, ಬಾಯಿ ತುಂಬಾ ಮಾತು, ಇದೇನಪ್ಪ ತಂಬಿ ಇಸ್ತ್ರಿ ಮೇಜು ತಗೊಂಡು ಬರ್ತಿದ್ದೀಯ, ನಮ್ಮ ಒದ್ದೆ ಸೀರೆಗೆಲ್ಲ ಅಲ್ಲೇ ಇಸ್ತ್ರಿ ಹಾಕ್ತೀಯಾ ಅಂತ ಕೇಳಿದರು. ಎಲ್ಲರೂ ನಕ್ಕರು, ಅವನೂ ನಕ್ಕ. ಕೆ.ಆರ್.ಪುರದಲ್ಲಿ ಮಂಡಳಿಯವರೊಬ್ಬರನ್ನು ಹತ್ತಿಸಿಕೊಂಡು, ಶಿವಾಜಿನಗರದಲ್ಲಿ ಹೂವು ಕೊಂಡು, ಭಜನೆ ಹೇಳಿಕೊಂಡು ಹೊರಟೆವು.

ಘಟ್ಟದಲ್ಲಿ ಒಂದು ಲಾರಿ ರಸ್ತೆಗೆ ಅಡ್ಡ ಬಿದ್ದಿತ್ತು. ಹಿಂದೆ ಮುಂದೆ ಸಾಲು ಗಾಡಿಗಳು, ಅಲ್ಲಾಡುವ ಹಾಗಿಲ್ಲ. ಹೆಂಗಸರು ನಿದ್ದೆ ಹೋದರು, ಎದ್ದರು, ಮತ್ತೆ ಭಜನೆ ಹೇಳಿದರು. ಬೆಳಕು ಹರಿಯಿತು. ಕಿಟಕಿಯ ಆಚೆ ಕಾಡಿನ ಮೇಲೆ ಬಿಸಿಲು ಬಿತ್ತು. ಮೈದುನ ಗಡಿಯಾರ ನೋಡುವುದನ್ನು ನಾನು ನೋಡುತ್ತಿದ್ದೆ. ನಾವು ಕೂತಲ್ಲೇ ಕೂತಿದ್ದೆವು, ಅಲ್ಲಿ ನೀರು ಏರುತ್ತಾ ಇತ್ತು. ರಸ್ತೆ ಬಿಟ್ಟಾಗ ಅವನು ಅತ್ತೆಯ ಹತ್ತಿರ ಹೋಗಿ ಕೂತು, ಅಮ್ಮ, ತಲೆ ಮೇಲೆ ಒಂದು ಬಿಂದಿಗೆ ಸುರಿದುಕೊಂಡರೆ ಸಾಕಲ್ವಾ ಅಂತ ಮೆಲ್ಲಗೆ ಕೇಳಿದ. ಅಮಾವಾಸ್ಯೆ ಇನ್ನೂ ಇದೆ ಅಂತ ಅವರು ಮಡಿಲಲ್ಲಿದ್ದ ಪಂಚಾಂಗ ತೋರಿಸಿದರು.

ತೀರ ಮುಟ್ಟಿದಾಗ ಹನ್ನೊಂದು ದಾಟಿತ್ತು, ಏರಿದ ನೀರು ಇಳಿಯಲು ಶುರುವಾಗಿತ್ತು.

ನಾನು ಕಪ್ಪು ಮೋಡ, ಬಿರುಗಾಳಿ ಏನೇನೋ ಅಂದುಕೊಂಡಿದ್ದೆ. ಆಕಾಶ ತೊಳೆದಿಟ್ಟ ಹಾಗಿತ್ತು. ಎಲೆ ಅಲ್ಲಾಡುತ್ತಿರಲಿಲ್ಲ. ಒಂದು ಕಡೆ ನದಿ ಸದ್ದಿಲ್ಲದೆ ಬಂದು ಸೇರುತ್ತಿತ್ತು, ಎದುರಿಗೆ ನೀರು ಬೆಳ್ಳಿ ತಟ್ಟೆಯ ಥರ ಹೊಳೆಯುತ್ತಿತ್ತು. ಇದಕ್ಕಾ ಹೆದರಿಸಿದ್ದು ಅಂತ ಹೆಂಗಸರು ಮೈದುನನ ಮುಖ ನೋಡಿದರು. ಅವನು ದೂರದ ನೀರನ್ನೇ ನೋಡುತ್ತಾ ಕಾದ. ಸ್ವಲ್ಪ ಹೊತ್ತಿಗೆ ದೂರದಲ್ಲಿ ಒಂದು ಗೆರೆ ಎದ್ದಿತು. ಅದರ ಹಿಂದೆ ಇನ್ನೊಂದು. ಅವಸರವೇ ಇಲ್ಲದೆ ಬಂದವು. ದಿಬ್ಬದ ಮೇಲೆ ಬಂದು ಎದ್ದು ನಿಂತು ಬಿದ್ದಾಗ ನನ್ನ ಅಂಗಾಲಿಗೆ ನೆಲ ಅದುರಿದ್ದು ತಿಳಿಯಿತು. ಆಮೇಲೆ ಮತ್ತೆ ಬೆಳ್ಳಿ ತಟ್ಟೆ.

ತಮಿಳು ಅಕ್ಕ ಆಗಲೇ, ನಾನು ಕಾಲು ಮಾತ್ರ ನೆನೆಸ್ಕೊತೀನಿ ತಾಯಿ ಅಂದುಬಿಟ್ಟರು. ಉಳಿದವರೂ ಹೂಂಗುಟ್ಟಿದರು. ಅದೊಂದು ಪುಣ್ಯ. ಮೈದುನ ನದಿಯ ಬಾಯಿಂದ ದೂರ, ನೊರೆ ನೀರು ಗಲಗಲ ಅನ್ನುತ್ತಿದ್ದ ಒಂದು ಕಡೆ ಎರಡು ಕೋಲು ನೆಟ್ಟು, ಇಲ್ಲಿ ಮಾತ್ರ, ಚೊಂಬಿನಲ್ಲಿ ಮೊಗೆದು ಸುರಿದುಕೊಳ್ಳಿ ಅಂದು ಹಲಗೆ ಬಿಚ್ಚಲು ಟೆಂಪೋ ಕಡೆಗೆ ಓಡಿದ. ತಮಿಳು ಅಕ್ಕ ಸಂಕಲ್ಪ ಹೇಳಿಕೊಟ್ಟರು. ನಾನು ಮಂಡಿ ನೋವಿನ ಒಬ್ಬ ಅಜ್ಜಿಯ ಕೈ ಹಿಡಿದು ಕೂರಿಸುತ್ತಿದ್ದೆ.

ತಲೆ ಎತ್ತಿದಾಗ ಅತ್ತೆ ಕೋಲುಗಳ ಹತ್ತಿರ ಇರಲಿಲ್ಲ. ಸಂಗಮದ ಕಡೆ ನಡೆದು ಹೋಗಿದ್ದರು. ಅಲ್ಲಿ ಎರಡು ನೊರೆಗಳ ನಡುವೆ ಒಂದಿಷ್ಟು ಅಗಲ ನೀರು ಕಪ್ಪಗೆ ನಯವಾಗಿ ನಿಂತಿತ್ತು, ಥೇಟ್ ಕಲ್ಯಾಣಿ. ಗದ್ದಲದ ನೀರು ಬಿಟ್ಟು ಅವರು ನಿಂತ ನೀರನ್ನು ಆರಿಸಿಕೊಂಡಿದ್ದರು. ನಾನು ಕೂಗಿದೆ. ಆ ಸದ್ದಿನಲ್ಲಿ ಕೇಳಲಿಲ್ಲ. ಓಡಿದೆ. ಮರಳಿನಲ್ಲಿ ಕಾಲು ಹೂತು ಓಟವೇ ಸಾಗಲಿಲ್ಲ.

ಮೊಣಕಾಲು ದಾಟಿ, ಸೊಂಟದ ಹತ್ತಿರದ ನೀರಿನಲ್ಲಿ ನಿಂತು ಅವರು ನಮ್ಮ ಕಡೆ ತಿರುಗಿದರು. ನಾವು ಎಲ್ಲೇ ಸ್ನಾನ ಮಾಡಿದರೂ ಸೂರ್ಯನಿಗೆ ಮುಖ ಮಾಡಿ ಅರ್ಘ್ಯ ಕೊಡುವುದು. ಕೆರೆಯಲ್ಲಿ, ಕಲ್ಯಾಣಿಯಲ್ಲಿ ಯಾವ ಕಡೆ ತಿರುಗಿದರೇನು. ಇಲ್ಲಿ ಸೂರ್ಯ ಇನ್ನೂ ನಮ್ಮ ಬೆನ್ನ ಹಿಂದೆ, ಘಟ್ಟದ ಕಡೆ ಇದ್ದ. ಹಾಗಾಗಿ ಅವರು ಸಮುದ್ರಕ್ಕೆ ಬೆನ್ನು ಹಾಕಿ ನಿಂತು, ಕಣ್ಣು ಮುಚ್ಚಿ, ಬೊಗಸೆಯಲ್ಲಿ ನೀರೆತ್ತಿದರು. ಅವರ ಹೆಗಲ ಹಿಂದೆ ಗೆರೆ ಏಳುವುದು ನನಗೆ ಕಾಣುತ್ತಿತ್ತು. ಅವರಿಗೆ ಕಾಣುತ್ತಿರಲಿಲ್ಲ.

ಆ ಅಲೆ ಅವರ ಮೇಲೆ ಒಡೆಯಲಿಲ್ಲ. ಬೆನ್ನಿಗೆ ಕೈ ಕೊಟ್ಟ ಹಾಗೆ ಎತ್ತಿ, ಇಳಿಸಿ, ಕಾಲ ಕೆಳಗಿನ ಮರಳನ್ನು ತೆಗೆದುಕೊಂಡು ಹೋಯಿತು. ಅದರ ಜೊತೆ ಅವರೂ ಹೋದರು. ಕೂಗಲಿಲ್ಲ, ಕೈ ಬಡಿಯಲಿಲ್ಲ. ನಮ್ಮ ಕಡೆಗೇ ಮುಖ ಮಾಡಿಕೊಂಡು, ಎತ್ತಿನ ಗಾಡಿಯ ಹಿಂಬದಿ ಕೂತು ಊರು ಬಿಟ್ಟು ಹೋಗುವವರ ಹಾಗೆ, ಸಣ್ಣಗಾಗುತ್ತಾ ಹೋದರು.

ಮೈದುನ ಹಲಗೆ ಹಿಡಿದು ನನ್ನ ಪಕ್ಕದಲ್ಲೇ ಹಾದು ಹೋದ.

"ಅಣ್ಣನ್ನ ಬಿಡ್ಬೇಡಿ ಅತ್ತಿಗೆ."

ಅಷ್ಟೇ ಅಂದಿದ್ದು. ಅವನು ಅದೇ ಕಪ್ಪು ನೀರಿಗೆ ಬಿದ್ದು ಮಲಗಿಕೊಂಡು ಕೈಯಿಂದ ನೀರು ಎಳೆಯುತ್ತಾ ಹೋದ. ದಡದಿಂದ ನೋಡುವವರಿಗೆ ಅವನು ತಾಯಿಯನ್ನು ಕರೆತರಲು ಹೋದ ಹಾಗೆ ಕಾಣಲಿಲ್ಲ, ಇಬ್ಬರೂ ಸೇರಿ ಎಲ್ಲಿಗೋ ಹೊರಟ ಹಾಗಿತ್ತು. ನಮ್ಮನೆಯವರು ಪಂಚೆ ಎತ್ತಿ ಕಟ್ಟಿ ಓಡಿ ಬಂದರು. ನಾನು ಎದುರಿಗೆ ಹೋಗಿ ಅವರ ಎರಡು ಕಾಲನ್ನೂ ತಬ್ಬಿಕೊಂಡೆ. ಮದುವೆಯಾಗಿ ಅಷ್ಟು ವರ್ಷದಲ್ಲಿ ಅವರಿಗೆ ಎದುರಾಡಿದವಳಲ್ಲ. ಬಿಡೇ ಅಂದರು, ಕೂದಲು ಹಿಡಿದು ಎಳೆದರು. ಎಮ್ಮೆ ಬಾಲದ ಈಜು ಇಲ್ಲಿ ನಡೆಯಲ್ಲ ಅಂತ ಅವರಿಗೆ ಹೇಗೆ ಹೇಳಲಿ. ಅಷ್ಟರಲ್ಲಿ ತಮಿಳು ಅಕ್ಕ ಬಂದು ಹಿಂದಿನಿಂದ ಅವರ ಸೊಂಟಕ್ಕೆ ಬಿದ್ದರು. ಮೂವರೂ ಮರಳಿನ ಮೇಲೆ ಉರುಳಿದೆವು. ಆಕೆ ಅವರ ಮೇಲಿಂದ ಏಳಲೇ ಇಲ್ಲ, ಕೂತಲ್ಲೇ ಮುರುಗನನ್ನು ಕರೆಯುತ್ತಾ ಕೂತರು. ದೇವರು ಆಕೆಗೆ ಅಷ್ಟು ಮೈ ಕೊಟ್ಟಿದ್ದು ಅವತ್ತಿಗೇ ಇರಬೇಕು.

ನೊರೆಯ ಆಚೆ ಒಂದು ಸಲ ಅತ್ತೆಯ ತಲೆ, ಒಂದು ಸಲ ಹಲಗೆಯ ತುದಿ ಕಾಣುತ್ತಿತ್ತು. ಗೆರೆ ಎದ್ದಾಗ ಎರಡೂ ಇಲ್ಲ. ಗೆರೆ ಬಿದ್ದಾಗ ಹುಡುಕಬೇಕು. ಅವನು ಅವರನ್ನು ಮುಟ್ಟಿದ್ದು ಕಂಡಿತು. ಮುಟ್ಟಿದ ಮೇಲೆ ಕೂಡಲೇ ತಿರುಗಬೇಕಲ್ಲ, ತಿರುಗಲಿಲ್ಲ. ಇಬ್ಬರೂ ಅಲ್ಲೇ ಇದ್ದರು. ಯಾಕೆ ಅಲ್ಲೇ ಇದ್ದಾರೆ ಅಂತ ಗೊತ್ತಾಗಲಿಲ್ಲ. ಜಪ ಮಾಡೋಣವೆಂದರೆ ನಿತ್ಯ ಹೇಳುವ ಸ್ತೋತ್ರದ ಒಂದು ಸಾಲೂ ನೆನಪಿಗೆ ಬರಲಿಲ್ಲ. ಅಪ್ಪಾ, ಅಪ್ಪಾ ಅಂತ ಮಾತ್ರ ಅಂದೆ. ಆಮೇಲೆ ಒಂದು ಅಲೆಗುಂಪು ಬಂದು ಏನೂ ಕಾಣದಂತಾಯಿತು.

ಅವರು ಬಂದಿದ್ದು ನಾವು ನೋಡುತ್ತಿದ್ದ ಕಡೆಯಿಂದಲ್ಲ. ದಡದ ಉದ್ದಕ್ಕೂ ಬಹಳ ದೂರದಲ್ಲಿ, ಮೀನು ಒಣಗಿಸುವ ಗುಡಿಸಲುಗಳ ಹತ್ತಿರ, ನೊರೆಯ ಅಲೆಯೊಂದು ಹಲಗೆಯನ್ನು ತಂದು ಮರಳಿಗೆ ಹಾಕಿತು. ಅತ್ತೆ ಅದರ ಮೇಲೆ ಬೋರಲು ಮಲಗಿದ್ದರು, ಸೀರೆ ಇರಲಿಲ್ಲ, ಮೈದುನ ಅವರ ಮೇಲೆ ಅಡ್ಡ ಬಿದ್ದು ಎರಡೂ ಅಂಚು ಹಿಡಿದಿದ್ದ. ನಾವು ಓಡಿ ಮುಟ್ಟುವಷ್ಟರಲ್ಲಿ ಅಲ್ಲಿನ ಹೆಂಗಸೊಬ್ಬಳು ತನ್ನ ಹಳೆ ಸೀರೆ ಹೊದೆಸಿ, ಬೆನ್ನು ಗುದ್ದಿ ನೀರು ಕಕ್ಕಿಸುತ್ತಿದ್ದಳು. ಅತ್ತೆ ಉಸಿರು ಎಳೆದುಕೊಂಡ ಸದ್ದು ಇವತ್ತಿಗೂ ನನಗೆ ಮಂಗಳಾರತಿಯ ಗಂಟೆಗಿಂತ ಹೆಚ್ಚು.

ಅವರು ಎದ್ದು ಕೂತರು. ನಮ್ಮನೆಯವರು ಮುಂದೆ ಕುಕ್ಕರಗಾಲಲ್ಲಿ ಕೂತು ಮಗುವಿನ ಹಾಗೆ ಅಳುತ್ತಿದ್ದರು. ಅತ್ತೆ ಕೈ ಚಾಚಿ ದೊಡ್ಡ ಮಗನ ಷರ್ಟಿನ ತೋಳು ಹಿಡಿದರು. ಬೆರಳಿನಲ್ಲಿ ಉಜ್ಜಿ ನೋಡಿದರು. ಎದೆಯ ಮೇಲೆ ಕೈಯಿಟ್ಟು ನೋಡಿದರು.

"ನೀನು ನೀರಿಗೆ ಇಳೀಲಿಲ್ವಾ?"

"ಇವಳು ಬಿಡ್ಲಿಲ್ಲ ಅಮ್ಮ."

ಅತ್ತೆ ತಿರುಗಿ ಚಿಕ್ಕವನನ್ನು ನೋಡಿದರು. ಅವನು ಮರಳು ನೋಡುತ್ತಾ ಕೂತಿದ್ದ. ಬಹಳ ಹೊತ್ತು ನೋಡಿ, ತಲೆ ಒರೆಸಿಕೋ, ಶೀತ ಆಗುತ್ತೆ ಅಂದರು. ಆಮೇಲೆ ಮಂಡಳಿಯವರಿಗೆ, ಇನ್ನು ಯಾರೂ ಇಳಿಯುವುದು ಬೇಡ, ಚೊಂಬಿನಲ್ಲಿ ತಂದು ಪ್ರೋಕ್ಷಣೆ ಮಾಡಿ ಸಾಕು ಅಂತ ಅಪ್ಪಣೆ ಕೊಟ್ಟರು. ಅವರ ಮಾತಿಗೆ ಎದುರು ಹೇಳುವವರು ಯಾರಿದ್ದಾರೆ.

ವಾಪಸು ಬರುವಾಗ ಘಟ್ಟದ ಕೆಳಗೆ ಕಾಫಿಗೆ ನಿಲ್ಲಿಸಿದರು. ಅತ್ತೆ ಟೆಂಪೋದಲ್ಲೇ ಮಲಗಿದ್ದರು. ಮೈದುನನಿಗೆ ನಾನೇ ಕಾಫಿ ತಂದು ಕೊಟ್ಟೆ. ಅಲ್ಲಿ ಅಷ್ಟು ಹೊತ್ತು ಯಾಕೆ ನಿಂತೆ ಅಂತ ಕೇಳಿದೆ. ಅವನು ಸುತ್ತ ನೋಡಿ ಹೇಳಿದ. ಮುಟ್ಟಿದಾಗ ಅಮ್ಮ ಕಣ್ಣು ಮುಚ್ಚಿಕೊಂಡು ಜಪ ಮಾಡುತ್ತಿದ್ದರಂತೆ. ಹಲಗೆ ಹಿಡ್ಕೊ ಅಂದರೆ ಹಿಡಿಯಲಿಲ್ಲವಂತೆ. ಕೈ ಹಿಡಿದರೆ ಬೆರಳು ಒಂದೊಂದಾಗಿ ಬಿಡಿಸಿಕೊಂಡರಂತೆ, ಕೋಪವಿಲ್ಲದೆ, ಮಗು ಸೆರಗು ಹಿಡಿದಿದ್ದನ್ನು ಬಿಡಿಸುವ ಹಾಗೆ. ನೀನು ಹೋಗಪ್ಪ ಅಂದರಂತೆ.

"ಅಣ್ಣ ನನ್ನ ಹಿಂದೇನೆ ನೀರಿಗೆ ಬಿದ್ದಿದ್ದಾನೆ, ಮುಳುಗ್ತಿದ್ದಾನೆ, ನೀನು ಹಲಗೆ ಹತ್ತಿದ್ರೆ ಮಾತ್ರ ನಾನು ಅವನ ಹತ್ರ ಹೋಗೋಕಾಗೋದು ಅಂದೆ ಅತ್ತಿಗೆ. ಆಗ ಕಣ್ಣು ಬಿಟ್ರು."

ಅದನ್ನು ನಾನು ಯಾರಿಗೂ ಹೇಳಲಿಲ್ಲ, ನಮ್ಮನೆಯವರಿಗೂ ಹೇಳಲಿಲ್ಲ. ಮನೆಗೆ ಬಂದು ದೇವರ ಮುಂದೆ ಕೂತು ನನ್ನ ಲೆಕ್ಕ ಒಪ್ಪಿಸಿದೆ. ಹಲಗೆ ತಂದಿದ್ದು, ಹೆಂಗಸರು ಇಳಿಯದೇ ಇದ್ದಿದ್ದು, ತಮಿಳು ಅಕ್ಕ ಬಿದ್ದಿದ್ದು, ಆ ಗುಡಿಸಲಿನವಳ ಸೀರೆ. ಒಂದೊಂದಕ್ಕೂ ಒಂದೊಂದು ಹೂವು ಇಟ್ಟೆ. ಸುಳ್ಳಿಗೂ ಒಂದು ಇಟ್ಟೆ.

ಅತ್ತೆ ಅದರ ಬಗ್ಗೆ ಮಾತಾಡಿದ್ದು ಸಂಕ್ರಾಂತಿಯ ಹತ್ತಿರ, ನಾವಿಬ್ಬರೂ ಮಹಡಿ ಮೇಲೆ ಎಳ್ಳು ಬೆಲ್ಲಕ್ಕೆ ಕೊಬ್ಬರಿ ಹೆಚ್ಚುತ್ತಿದ್ದಾಗ. ಕೆಲಸದಿಂದ ಕಣ್ಣೆತ್ತಲಿಲ್ಲ.

"ದಾರಿ ಚೆನ್ನಾಗಿತ್ತು ಕಣೇ. ಒಂದು ಚೂರೂ ಭಯ ಆಗ್ಲಿಲ್ಲ. ದೊಡ್ಡವನು ಮುಳುಗ್ತಾ ಇದ್ದಾನೆ ಅಂದ್ಮೇಲೆ ಹೇಗೆ ಬರದೆ ಇರ್ಲಿ."

ಚಿಕ್ಕವನ ಮೇಲೆ ಕೋಪವಾ ಅಂತ ಕೇಳಿದೆ. ತಾಯಿಗೆ ಮಗನ ಸುಳ್ಳು ಗೊತ್ತಾಗಲ್ವಾ, ಷರ್ಟು ಮುಟ್ಟಿದಾಗಲೇ ಗೊತ್ತಾಯ್ತು ಅಂದರು. ಸ್ವಲ್ಪ ಹೊತ್ತು ಕೊಬ್ಬರಿ ಹೆಚ್ಚಿದರು.

"ನನ್ನನ್ನ ಇನ್ನು ಆ ಕಡೆ ಕರ್ಕೊಂಡು ಹೋಗ್ಬೇಡಿ. ಇನ್ನೊಂದ್ಸಲ ಆ ಸುಳ್ಳು ನಡೆಯಲ್ಲ."

ನಾವು ಕರೆದುಕೊಂಡು ಹೋಗಲಿಲ್ಲ. ಮೈದುನ ಹೋದಾಗಲೆಲ್ಲ ಒಂದು ಕ್ಯಾನಿನಲ್ಲಿ ಸಮುದ್ರದ ನೀರು ತುಂಬಿ ತರುತ್ತಿದ್ದ. ಅಮಾವಾಸ್ಯೆಯ ಬೆಳಗ್ಗೆ ಅದರಲ್ಲಿ ಒಂದು ಚೊಂಬು ಬಿಸಿನೀರಿನ ಬಕೆಟ್ಟಿಗೆ ಬೆರೆಸಿ ಕೊಡುತ್ತಿದ್ದೆ. ಚಿಲಕ ಹಾಕ್ಕೋಬೇಡಿ ಅತ್ತೆ ಅನ್ನುತ್ತಿದ್ದೆ. ಆಯ್ತಮ್ಮ ಅನ್ನುತ್ತಿದ್ದರು. ಒಳಗೆ ಚೊಂಬು ಬಕೆಟ್ಟಿಗೆ ತಾಗುವ ಸದ್ದು, ನೀರು ಬೀಳುವ ಸದ್ದು ಕೇಳುತ್ತಾ ನಾನು ಬಾಗಿಲ ಹೊರಗೆ ಒಣ ಟವೆಲು ಹಿಡಿದು ನಿಂತಿರುತ್ತಿದ್ದೆ. ಸದ್ದು ನಿಂತರೆ ಬಾಗಿಲು ತಟ್ಟುತ್ತಿದ್ದೆ.